ಹೆಸರು ಕೂಗುವ ಬ್ಯಾಂಡು

ಭದ್ರಾವತಿ
11 ಆಗಸ್ಟ್ 2025

ಶ್ರೀಯುತ ಪೀರ್ ಬಾಷಾ ಅವರಿಗೆ,

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಕ್ಷೇಮವನ್ನು ನಿಮ್ಮ ಮನೆಯವರಾದ ಜಹಾನಾರಾ ಅವರು ನನ್ನ ಹೆಂಡತಿ ಪ್ರೇಮಮ್ಮನಿಗೆ ದಿನಾ ಫೋನಿನಲ್ಲಿ ತಿಳಿಸುತ್ತಿರುವುದರಿಂದ ನಾನು ಬೇರೆಯಾಗಿ ಕೇಳುವ ಅಗತ್ಯ ಕಾಣುವುದಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ, ನಮ್ಮ ಡ್ರಮ್ಮಿನ ಜಯಪ್ಪನ ಮಗಳ ಮದುವೆಯಲ್ಲಿ, ಇನ್ನು ಸಾಯುವವರೆಗೂ ನಿಮ್ಮ ಹತ್ತಿರ ಮಾತಾಡುವುದಿಲ್ಲ ಎಂದು ನಾನು ಆಣೆ ಮಾಡಿದ್ದು ನಿಮಗೆ ನೆನಪಿರಬಹುದು. ಆಣೆ ಈಗಲೂ ಜಾರಿಯಲ್ಲಿದೆ. ಆದರೆ ಬರೆಯುವುದಿಲ್ಲ ಎಂದು ಆಣೆ ಮಾಡಿರಲಿಲ್ಲ. ಆದ್ದರಿಂದ ಈ ಕಾಗದ.

ವಿಷಯವೇನೆಂದರೆ, ನನ್ನ ಮೊಮ್ಮಗಳು ಗಗನಾಳ ಮದುವೆ ನಿಶ್ಚಯವಾಗಿದೆ. ನವೆಂಬರ್ ಮೂವತ್ತರ ಸಂಜೆ ಶಿವಮೊಗ್ಗದ ಕೋಟೆ ರಸ್ತೆಯ ಛತ್ರದಲ್ಲಿ ರಿಸೆಪ್ಷನ್. ಡೀಜೆ ಗೊತ್ತಾಗಿತ್ತು. ಅಷ್ಟರಲ್ಲಿ ಅಟ್ಟ ಗುಡಿಸುತ್ತಿದ್ದ ಗಗನಾಳಿಗೆ ನಮ್ಮ ಬ್ಯಾಂಡಿನ ಹಳೆಯ ಕ್ಯಾಸೆಟ್ ಒಂದು ಸಿಕ್ಕಿತು. ಕೇಳಲು ನಮ್ಮ ಮನೆಯಲ್ಲಿ ಯಂತ್ರವಿಲ್ಲ. ಗೋಪಾಳದಲ್ಲಿ ನಿಮ್ಮ ಮಗ ಇಲಿಯಾಸನ ಶೆಡ್ಡಿಗೆ ರಿಪೇರಿಗೆ ಬಂದ ಹಳೆಯ ಕಾರಿನಲ್ಲಿ ಟೇಪ್ ಇದೆಯೆಂದು ಯಾರೋ ಹೇಳಿದರಂತೆ. ಹೋದಳು. ಬಂದವಳು ಚಪ್ಪಲಿ ಬಿಡುವ ಮೊದಲೇ, "ಅಜ್ಜ, ಡೀಜೆ ಬೇಡ ಅಂತ ಹೇಳ್ಬಿಟ್ಟೆ. ನಿಮ್ ಬ್ಯಾಂಡೇ ಬಾರಿಸ್ಬೇಕು. ಬಾಷಾ ಅಜ್ಜನೂ ಇರ್ಬೇಕು" ಎಂದಳು. "ಅದು ಆಗೋ ಮಾತಲ್ಲ ಮಾರಾಯ್ತಿ" ಎಂದೆ. "ಹಂಗಾದ್ರೆ ರಿಸೆಪ್ಷನ್ನೂ ಆಗೋ ಮಾತಲ್ಲ" ಎಂದು ಒಳಗೆ ಹೋದಳು. ಈಗ ಮನೆಯ ಹೆಂಗಸರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದಾರೆ.

ಆದ್ದರಿಂದ ನಮ್ಮ ವೆಸ್ಟರ್ನ್ ಸ್ವಿಂಗ್ ಬ್ಯಾಂಡನ್ನು ಒಂದು ಸಂಜೆಯ ಮಟ್ಟಿಗೆ ಮತ್ತೆ ಕೂಡಿಸಬಹುದೇ ಎಂದು ತಿಳಿಸುವುದು. ಷರತ್ತು ಒಂದೇ. ಈ ಸಲ ನಾಯಕ ನಾನು. ಹುಡುಗಿಯ ಅಜ್ಜ ಎಂಬುದು ಒಂದು ಕಾರಣ. ಇನ್ನೊಂದು, ನಾವು ಕೇಳಿ ಕಲಿತ ಆ ಗ್ರಾಮಫೋನ್ ಪ್ಲೇಟಿನ ಹೊದಿಕೆಯ ಚಿತ್ರವನ್ನು ಜ್ಞಾಪಿಸಿಕೊಳ್ಳಿ. ನಾಯಕನ ಕೈಯಲ್ಲಿರುವುದು ಪಿಟೀಲು.

ಇಂತಿ,
ಪುಟ್ಟಯ್ಯ, ನಿವೃತ್ತ, ಪೇಪರ್ ಮಿಷನ್ ವಿಭಾಗ


ಗೋಪಾಳ, ಶಿವಮೊಗ್ಗ
18 ಆಗಸ್ಟ್ 2025

ಮಾನ್ಯ ಪುಟ್ಟಯ್ಯನವರಿಗೆ ಪೀರ್ ಬಾಷಾನ ಸಲಾಂ.

ನಿಮ್ಮ ಆಣೆ ಗಟ್ಟಿಮುಟ್ಟಾಗಿದೆ ಎಂದು ತಿಳಿದು ಸಂತೋಷವಾಯಿತು.

ನಿಮ್ಮ ಮೊಮ್ಮಗಳು ಆ ಕಾರಿನಲ್ಲಿ ಬ್ಯಾಟರಿ ಇಳಿಯುವವರೆಗೂ ಕುಳಿತಿದ್ದಳು. ಕಾರಿನ ಯಜಮಾನ ಬಂದು ಬಾಗಿಲ ಹತ್ತಿರ ನಿಂತರೂ ಇಳಿಯಲಿಲ್ಲ. ಕೊನೆಗೆ ಅವನೂ ಹಿಂದಿನ ಸೀಟಿನಲ್ಲಿ ಕುಳಿತು ಕೇಳಿದ. "ಇದ್ಯಾವ ಮ್ಯೂಸಿಕ್ ಅಜ್ಜ?" ಎಂದಳು. ಅಮೆರಿಕದಲ್ಲಿ ದನ ಮೇಯಿಸುವವರ ಟೆಕ್ಸಾಸ್ ಸೀಮೆಯದು ಎಂದೆ. ಹಳ್ಳಿಯ ಪಿಟೀಲಿಗೆ ಪೇಟೆಯ ಕುಣಿತದ ತಾಳ ಕಟ್ಟಿ, ಮೇಲೆ ಹವಾಯಿಯ ಸ್ಟೀಲ್ ಗಿಟಾರ್ ಕೂಡಿಸಿದ್ದಾರೆ ಎಂದೆ. ಮಿಲ್ಲಿಗೆ ಮಿಷನ್ ಜೋಡಿಸಲು ಬಂದಿದ್ದ ಪರದೇಶದ ಇಂಜಿನಿಯರ್ ಹೋಗುವಾಗ ಪ್ಲೇಟುಗಳನ್ನೂ ಗಿಟಾರನ್ನೂ ಕಾಗದನಗರದ ಕ್ಲಬ್ಬಿಗೆ ಬಿಟ್ಟುಹೋದ ಕಥೆಯನ್ನೂ ಹೇಳಿದೆ. ಅವಳು ಕೇಳಿದ ಮುಂದಿನ ಪ್ರಶ್ನೆಯನ್ನು ಮಾತ್ರ ಗಮನವಿಟ್ಟು ಓದಬೇಕು. "ನಡುನಡುವೆ ಒಬ್ರು ಆಹಾ ಅಂತ ಕೂಗಿ ಎಲ್ರ ಹೆಸರು ಕರೀತಾರಲ್ಲ, ಅವ್ರು ಯಾರು?" ಅದು ನಾನೇ.

ಪ್ಲೇಟಿನ ಮೇಲಿನ ಆ ಟೋಪಿಯವನ ಕೈಯಲ್ಲಿ ಪಿಟೀಲಿರುವುದು ನಿಜ. ಆದರೆ ಅವನು ಬಾರಿಸಿದ್ದಕ್ಕಿಂತ ಕೂಗಿದ್ದು ಜಾಸ್ತಿ. ನಾಯಕ ಹೆಸರು ಕೂಗಬೇಕು, ಕೂಗಿಸಿಕೊಂಡವನು ಎದ್ದು ಒಂದು ಸುತ್ತು ಒಬ್ಬನೇ ಬಾರಿಸಬೇಕು, ಕೂಗದೆ ಯಾರೂ ಏಳಬಾರದು. ಈ ಬ್ಯಾಂಡಿನ ಕಟ್ಟಳೆ ಇಷ್ಟೇ. ಕೂಗುವುದರಲ್ಲಿ ನನ್ನ ಸಮ ಈ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ. ನೀನು ಕೂಗಿದರೆ ಕೋಳಿಗಳು ಗೂಡು ಸೇರುತ್ತವೆ. ಮೇಲಿನ ಸಾಲಿನ 'ನೀನು' ಎಂಬುದನ್ನು 'ನೀವು' ಎಂದು ಓದಿಕೊಳ್ಳುವುದು.

ಟ್ರಂಪೆಟ್ಟಿನ ಜಾಕಿರ್ ಬರುತ್ತಾನೆ. ಜಯಪ್ಪನೂ ಒಪ್ಪಿದ್ದಾನೆ. ಸ್ಟೀಲ್ ಗಿಟಾರನ್ನು ಈ ಸಲ ಇಲಿಯಾಸ್ ಬಾರಿಸುತ್ತಾನೆ, ನಾನು ಬರೀ ನಾಯಕ. ಯಾಕೆಂದು ಕೇಳಬೇಡಿ.

ಪೀರ್ ಬಾಷಾ, ಬ್ಯಾಂಡಿನ ನಾಯಕ


ಭದ್ರಾವತಿ
30 ಆಗಸ್ಟ್ 2025

ಬಾಷಾ,

ನೀನು ಮೊದಲು 'ನೀನು' ಎಂದಿದ್ದೀಯ. ಇನ್ನು ನನಗೂ ದಾಕ್ಷಿಣ್ಯವಿಲ್ಲ.

ಗಣಪತಿಯ ಗಲಾಟೆ ಇನ್ನೂ ಮುಗಿದಿಲ್ಲ. ಡೀಜೆ ಲಾರಿ ನಮ್ಮ ಬೀದಿಗೆ ಬಂದರೆ ಶೆಲ್ಫಿನ ಲೋಟಗಳು ತಾವೇ ನಡೆದುಕೊಂಡು ಅಂಚಿಗೆ ಬರುತ್ತವೆ. ಪ್ರೇಮಮ್ಮ ಅಲ್ಲೇ ನಿಂತು ಹಿಡಿದುಕೊಳ್ಳುತ್ತಾಳೆ. ಗಗನಾ ಹೇಳಿದ್ದು ಸರಿ, ಮದುವೆಮನೆಗೆ ಇದು ಬೇಡ. ಆದರೆ ನಿನ್ನನ್ನು ನಾಯಕನಾಗಲು ಬಿಡಲು ನನಗೇನು ಬುದ್ಧಿ ಕೆಟ್ಟಿದೆಯೇ?

ಜಯಪ್ಪನ ಮಗಳ ಮದುವೆಯ ದಿನ ಏನಾಯಿತು ಹೇಳು. ನೀನು ಜಯಪ್ಪನನ್ನು ಕೂಗಿದೆ, ಬಾರಿಸಿದ. ಜಾಕಿರನನ್ನು ಕೂಗಿದೆ, ಊದಿದ. ಆಮೇಲೆ ಯಾರೂ ಕೂಗದೆಯೇ ನೀನೇ ಸ್ಟೀಲ್ ಮೇಲೆ ಒಂದು ಸುತ್ತು ಹೊಡೆದೆ, ನಾಯಕನಿಗೆ ಕಟ್ಟಳೆ ಇಲ್ಲವಲ್ಲ. ನಾನು ಪಿಟೀಲನ್ನು ಗದ್ದಕ್ಕೆ ಕೊಟ್ಟು ಕಮಾನು ಎತ್ತಿ ನಿಂತಿದ್ದೆ. ನೀನು ಜಾಕಿರನನ್ನು ಎರಡನೇ ಸಲ ಕೂಗಿದೆ. ಅಷ್ಟರಲ್ಲಿ ಅಡುಗೆಯವರು ಬಂದು, "ಎಲೆ ಹಾಕಿದೆ, ಎಲ್ರೂ ಏಳ್ಬೇಕು" ಎಂದರು. ಕಣ್ಣು ಮುಚ್ಚಿ ಬಿಡುವುದರಲ್ಲಿ ಛತ್ರ ಖಾಲಿ. ಎತ್ತಿದ ಕಮಾನು ಹಾಗೇ ಇತ್ತು. ನನ್ನ ಮುಂದೆ ಉಳಿದದ್ದು ಚಾಪೆಯ ಮೇಲಿನ ಒಂದು ಕೂಸು, ಅದೂ ನಿದ್ದೆ ಮಾಡುತ್ತಿತ್ತು.

ಆಮೇಲೆ ನೀನು ಜಯಪ್ಪನ ಕೈಲಿ ಹೇಳಿಕಳಿಸಿದೆ, "ಪುಟ್ಟಯ್ಯನ್ನ ಕೊನೆಗೆ ಅಂತ ಇಟ್ಟಿದ್ದೆ" ಎಂದು. ಕೊನೆಗೆ ಬಡಿಸುವುದು ಮಜ್ಜಿಗೆ. ನಾನು ಮಜ್ಜಿಗೆಯೇ? ಹೊಟ್ಟೆ ತುಂಬಿದ ಮೇಲೆ ಬೇಕಾದವರು ಹಾಕಿಸಿಕೊಳ್ಳಲಿ, ಬೇಡದವರು ಕೈ ಅಡ್ಡ ಹಿಡಿಯಲಿ ಎಂದೇ?

ಇದನ್ನು ಯಾರಿಗೂ ಹೇಳಿಲ್ಲ, ಈಗ ಹೇಳಿಬಿಡುತ್ತೇನೆ. ನಮ್ಮ ಕ್ಲಬ್ಬಿಗೆ ಹೆಂಗಸರು ಬರುತ್ತಿರಲಿಲ್ಲ. ಮನೆಯಲ್ಲಿ ನಾನು ಸಾಧನೆ ಮಾಡುವುದನ್ನಷ್ಟೇ ಕೇಳಿದ್ದ ಪ್ರೇಮಮ್ಮ, ಜನರ ನಡುವೆ ನನ್ನ ಪಿಟೀಲು ಕೇಳಲು ಬಂದದ್ದು ಅವತ್ತೊಂದೇ ದಿನ. ಮುಂದಿನ ಸಾಲಿನಲ್ಲಿ ಕುಳಿತು ಪಕ್ಕದವರಿಗೆ, "ಈಗ ನಮ್ಮೋರ್ದು" ಎಂದು ಹೇಳುತ್ತಿದ್ದಳು. ಒಬ್ಬೊಬ್ಬರ ಸರದಿ ಮುಗಿದಾಗಲೂ ಹೇಳಿದಳು. ನನಗೆ ಇನ್ನೇನೂ ಬೇಡ ಬಾಷಾ. ಅವಳ ಎದುರು ಒಂದು ಸಲ ನನ್ನ ಹೆಸರು ಕೂಗಿಸಿಕೊಳ್ಳಬೇಕು. ನಾನೇ ನಾಯಕನಾದರೆ ನಾನೇ ಕೂಗಿಕೊಳ್ಳುತ್ತೇನೆ, ನಿನ್ನನ್ನು ನಂಬಿ ಕೂರುವ ತಾಪತ್ರಯವಿಲ್ಲ.

ಪುಟ್ಟಯ್ಯ


ಗೋಪಾಳ
9 ಸೆಪ್ಟೆಂಬರ್ 2025

ಪುಟ್ಟಯ್ಯ,

ನಿನ್ನ ಕಾಗದವನ್ನು ಜಹಾನಾರಾಗೆ ಓದಿ ಹೇಳಿದೆ. ಮಜ್ಜಿಗೆಯ ಸಾಲು ಬಂದಾಗ ಅವಳು ಹಣೆ ಚಚ್ಚಿಕೊಂಡಳು. "ಇಷ್ಟೇನಾ? ಇಷ್ಟಕ್ಕೇನಾ ಇಬ್ರು ಮುದುಕ್ರು ಇಷ್ಟು ವರ್ಷ ಮುಖ ತಿರುಗಿಸ್ಕೊಂಡಿದ್ದು?" ಎಂದಳು.

ನಮ್ಮ ಮನೆಯ ಮದುವೆಗೆ ನೀನು ಬಂದಿದ್ದೀಯ. ಊಟ ಹೇಗೆ ನಡೆಯುತ್ತದೆ, ನೆನಪಿಸಿಕೋ. ಬಿರಿಯಾನಿ ಆಗಬೇಕು, ಎಲ್ಲ ಆಗಬೇಕು, ಕಟ್ಟಕಡೆಗೆ ಸಿಹಿ, ನಮ್ಮ ಮೀಠಾ, ಬರುತ್ತದೆ. ಮಕ್ಕಳು ಅದಕ್ಕೋಸ್ಕರ ಹೊಟ್ಟೆಯಲ್ಲಿ ಜಾಗ ಬಿಟ್ಟುಕೊಂಡು ಕಾಯುತ್ತಾರೆ. ಮೀಠಾ ತಿಂದವನು ಆಮೇಲೆ ಬೇರೆ ಏನನ್ನೂ ಬಾಯಿಗೆ ಹಾಕುವುದಿಲ್ಲ, ಆ ರುಚಿಯಲ್ಲೇ ಮನೆಗೆ ಹೋಗಬೇಕು. ನಾನು ನಿನ್ನನ್ನು ಮೀಠಾ ಎಂದು ಕೊನೆಗೆ ಇಟ್ಟುಕೊಂಡಿದ್ದೆ. ನೀನು ಮಜ್ಜಿಗೆ ಎಂದು ತಿಳಿದುಕೊಂಡೆ. ಜಾಕಿರನನ್ನು ಎರಡನೇ ಸಲ ಕೂಗಿದ್ದು ಜನರ ಬಾಯಲ್ಲಿ ಇನ್ನಷ್ಟು ನೀರೂರಲಿ ಎಂದು. ಅಡುಗೆಯವರಿಗೆ ಅದು ಗೊತ್ತಾಗಬೇಕಲ್ಲ.

ನಿಮ್ಮ ಮನೆಯಲ್ಲಿ ಹೋಳಿಗೆ ಮೊದಲ ಸುತ್ತಿನಲ್ಲೇ ಎಲೆಗೆ ಬೀಳುತ್ತದೆ ಎಂಬುದು ನನಗೂ ಗೊತ್ತಿತ್ತು, ಎಷ್ಟು ಸಲ ಉಂಡಿಲ್ಲ ನಾನು? ಆದರೂ ಹೊಳೆಯಲಿಲ್ಲ. ಪ್ರೇಮಮ್ಮ ಮುಂದಿನ ಸಾಲಿನಲ್ಲಿ ಕುಳಿತು ಕಾದದ್ದೂ ಗೊತ್ತಿರಲಿಲ್ಲ. ಅದನ್ನು ಓದಿ ನನಗೆ ಬಹಳ ಸಂಕಟವಾಯಿತು ಮಾರಾಯ.

ಇಷ್ಟಾದರೂ ನಾಯಕತ್ವ ಬಿಡುವುದಿಲ್ಲ. ಅದೊಂದನ್ನು ಕೇಳಬೇಡ.

ಪೀರ್ ಬಾಷಾ


ಭದ್ರಾವತಿ
6 ಅಕ್ಟೋಬರ್ 2025

ಬಾಷಾ,

ಉತ್ತರ ತಡವಾಯಿತು. ಮೀಠಾ ಜೀರ್ಣವಾಗಲು ಹೊತ್ತು ಹಿಡಿಯಿತು. ನಡುವೆ ದಸರಾ ಬಂತು, ಮನೆ ತುಂಬ ನೆಂಟರು.

ಒಂದು ವಿಷಯ ಸ್ಪಷ್ಟಪಡಿಸುತ್ತೇನೆ. ನಿನ್ನ ಎಡಗೈ ಎರಡು ವರ್ಷದಿಂದ ನಡುಗುತ್ತದೆ, ಸ್ಟೀಲ್ ಗಿಟಾರಿನ ತಂತಿಯ ಮೇಲೆ ಆಡಿಸುವ ಉಕ್ಕಿನ ತುಂಡನ್ನು ಹಿಡಿದರೆ ಜಾರಿ ಬೀಳುತ್ತದೆ, ಅದಕ್ಕೇ ನೀನು ಬಾರಿಸುವುದನ್ನು ಬಿಟ್ಟೆ ಎಂಬುದನ್ನು ಜಹಾನಾರಾ ಅವರು ಪ್ರೇಮಮ್ಮನಿಗೆ ಹೇಳಿಲ್ಲ. ಪ್ರೇಮಮ್ಮ ನನಗೆ ಹೇಳಿಲ್ಲ. ನನಗೆ ಏನೂ ಗೊತ್ತಿಲ್ಲ.

ಹಾಗೆ ಸುಮ್ಮನೆ ಯೋಚಿಸಿದಾಗ ನೀನೇ ನಾಯಕನಾಗುವುದು ಒಳ್ಳೆಯದು ಎನ್ನಿಸಿತು. ನನ್ನ ಗಂಟಲು ಥಂಡಿಗೆ ಹಿಡಿಯುತ್ತದೆ. ಕೂಗುತ್ತಾ ಬಾರಿಸಲು ನನ್ನಿಂದ ಆಗದು. ಕೋಳಿಗಳ ವಿಷಯವನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

ಪ್ರಾಕ್ಟೀಸು ಎಲ್ಲಿ, ಯಾವಾಗ ಎಂದು ಬರೆ.

ಪುಟ್ಟಯ್ಯ


ಗೋಪಾಳ
17 ಅಕ್ಟೋಬರ್ 2025

ಪುಟ್ಟಯ್ಯ,

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಲಿಯಾಸನ ಶೆಡ್ಡು. ಗಂಟಲಿಗೆ ಶುಂಠಿ ಕಷಾಯ ಕುಡಿ. ನಿನ್ನ ಗಂಟಲಿಗೆ ಏನೂ ಆಗಿಲ್ಲ ಎಂದು ಪ್ರೇಮಮ್ಮ ಹೇಳಿಲ್ಲ, ಜಹಾನಾರಾ ನನಗೆ ತಿಳಿಸಿಲ್ಲ.

ಉಕ್ಕಿನ ತುಂಡನ್ನು ಇಲಿಯಾಸನಿಗೆ ಕೊಟ್ಟೆ. ಜಯಪ್ಪ ಕಬ್ಬಿಣದ ಕಾರ್ಖಾನೆಯ ಲೇತಿನಲ್ಲಿ ಕಡೆದುಕೊಟ್ಟನಲ್ಲ, ಅದೇ ತುಂಡು. ಇನ್ನೂ ಕನ್ನಡಿಯ ಹಾಗಿದೆ.

ಗಗನಾ ಮೊನ್ನೆ ಮತ್ತೆ ಬಂದಿದ್ದಳು. "ಎಲ್ಲಿಯ ಟೆಕ್ಸಾಸ್, ಎಲ್ಲಿಯ ಭದ್ರಾವತಿ? ನಿಮ್ಗೆ ಇದ್ಯಾಕೆ ಇಷ್ಟು ಹಿಡಿಸ್ತು ಅಜ್ಜ?" ಎಂದಳು. ಒಳ್ಳೆಯ ಕುಣಿತದ ತಾಳ ಎಂದೇನೋ ಹೇಳಿ ಕಳಿಸಿದೆ. ಆಮೇಲೆ ಯೋಚನೆ ಹತ್ತಿತು. ಮಿಲ್ಲಿನ ಗೇಟಿನಲ್ಲಿ ನಮಗೆ ಇದ್ದದ್ದು ಟೋಕನ್ ನಂಬರು. ಪಾಳಿಯ ಸೂಪರ್‌ವೈಸರಿಗೂ ನಂಬರೇ ಗೊತ್ತು. ತಮಿಳಿನವರು, ತೆಲುಗಿನವರು, ನಾವು, ನೀವು, ಎಲ್ಲರೂ ಸೈರನ್ ಆದರೆ ಒಳಗೆ, ಸೈರನ್ ಆದರೆ ಹೊರಗೆ. ಶನಿವಾರ ಸಂಜೆ ಕ್ಲಬ್ಬಿನಲ್ಲಿ ಮಾತ್ರ ಒಬ್ಬ ಎದ್ದು ನಿಂತು ನಿನ್ನ ಹೆಸರು ಹಿಡಿದು ಕೂಗುತ್ತಿದ್ದ, ಅಷ್ಟೂ ಜನ ನಿನ್ನ ಕಡೆ ತಿರುಗುತ್ತಿದ್ದರು. ಬೇರೆ ಬ್ಯಾಂಡುಗಳಲ್ಲಿ ನಾಯಕನ ಹೆಸರು ದೊಡ್ಡದಾಗಿ ಬರೆದಿರುತ್ತಾರೆ, ಮಿಕ್ಕವರು ಯಾರೆಂದು ಯಾರಿಗೂ ಗೊತ್ತಾಗುವುದಿಲ್ಲ. ಈ ಸಂಗೀತದಲ್ಲಿ ನಾಯಕ ಕೂಗುವುದು ಮಿಕ್ಕವರ ಹೆಸರು. ಮಿಲ್ಲು ನಿಂತ ಮೇಲೂ ನನ್ನ ತಲೆಯಲ್ಲಿ ಇದು ನಿಲ್ಲದಿರುವುದು ಅದಕ್ಕೇ ಇರಬೇಕು. ಗಗನಾಗೆ ನೀನೇ ಹೇಳು, ನನಗೆ ಎದುರಿಗೆ ಹೇಳಲು ನಾಚಿಕೆ.

ಪೀರ್ ಬಾಷಾ


ಭದ್ರಾವತಿ
12 ನವೆಂಬರ್ 2025

ಬಾಷಾ,

ಮೂರು ಭಾನುವಾರದ ಪ್ರಾಕ್ಟೀಸು ಮುಗಿಯಿತು. ನನ್ನ ಆಣೆಗೆ ಭಂಗ ಬರದ ಹಾಗೆ ನೀನು ನಡೆದುಕೊಂಡದ್ದಕ್ಕೆ ಕೃತಜ್ಞ. ಆದರೆ ಜಯಪ್ಪನಿಗೆ ಸಾಕುಬೇಕಾಗಿದೆ. "ಸ್ವಲ್ಪ ನಿಧಾನ ಆಗ್ಲಿ ಅಂತ ಅವ್ರಿಗೆ ಹೇಳು" ಎಂದು ನಾನು, "ಅವ್ರ ಶ್ರುತಿ ಇಳ್ದಿದೆ ಅಂತ ಅವ್ರಿಗೆ ಹೇಳು" ಎಂದು ನೀನು. ಮೊನ್ನೆ ಭಾನುವಾರ ಅವನು ಡ್ರಮ್ಮಿನ ಕಡ್ಡಿಗಳನ್ನು ಕೆಳಗಿಟ್ಟು, "ನಾನೇನು ಪೋಸ್ಟ್‌ಮನ್ನಾ?" ಎಂದ.

ಈಗ ಮುಖ್ಯ ವಿಷಯ. ನನ್ನನ್ನು ಕೊನೆಗೇ ಕೂಗು. ನಾನು ಮನಸಾರೆ ಒಪ್ಪಿದ್ದೇನೆ. ಮೀಠಾ ಎಂದರೆ ಏನೆಂದು ಈಗ ಗೊತ್ತಾಗಿದೆ, ಕಾಯುತ್ತೇನೆ. ಊಟದ ಭಯವೂ ಬೇಡ. ಅಡುಗೆಯ ಕಂಟ್ರಾಕ್ಟು ಓಂಕಾರಪ್ಪನದು. ಪಿಟೀಲು ಮುಗಿಯುವ ಮೊದಲು ಊಟಕ್ಕೆ ಕರೆದರೆ ಅವನ ಸೌಟು ಅವನ ಕೈಯಲ್ಲಿ ಉಳಿಯುವುದಿಲ್ಲ ಎಂದು ಪ್ರೇಮಮ್ಮ ಎಚ್ಚರಿಸಿದ್ದಾಳೆ. ಮಾತ್ರೆ ನುಂಗುವ ವಯಸ್ಸಾದವರಿಗೆ ಮಾತ್ರ ಒಂದು ಪಂಕ್ತಿ ಮೊದಲೇ ಹಾಕುತ್ತಾನಂತೆ.

ಪ್ರೇಮಮ್ಮ ಮಾವಿನೆಲೆ ಬಣ್ಣದ ಸೀರೆ ತಂದಿದ್ದಾಳೆ. ಮುಂದಿನ ಸಾಲಿನಲ್ಲಿ ಕೂರುತ್ತಾಳಂತೆ.

ಪುಟ್ಟಯ್ಯ


ಭದ್ರಾವತಿ
2 ಡಿಸೆಂಬರ್ 2025

ಬಾಷಾ,

ಹಿಂದಿನ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ನೀನು ವೇದಿಕೆಯ ಮೇಲಿದ್ದೆ. ಊಟದ ಮನೆಯಲ್ಲಿ ಏನಾಯಿತೆಂದು ನಿನಗೆ ಗೊತ್ತಿಲ್ಲ, ಕೇಳು. ಬ್ಯಾಂಡು ಶುರುವಾಗುವಾಗ ನನ್ನ ಶುಗರ್ ಮಾತ್ರೆಯ ಹೊತ್ತು. ನುಂಗಿದ ಮೇಲೆ ಉಣ್ಣದಿದ್ದರೆ ತಲೆ ಸುತ್ತುತ್ತದೆ. ಹೇಗೂ ನಾನು ಕೊನೆಗೆ, ಜಯಪ್ಪ, ಜಾಕಿರ್, ಇಲಿಯಾಸ್ ಎಲ್ಲ ಆಗುವಷ್ಟರಲ್ಲಿ ಉಂಡು ಕೈ ತೊಳೆದು ಬರಬಹುದು ಎಂದು ಪಿಟೀಲನ್ನು ಕುರ್ಚಿಯ ಮೇಲಿಟ್ಟು ಹೋಗಿ ಮುದುಕರ ಪಂಕ್ತಿಯಲ್ಲಿ ಕುಳಿತೆ.

ನೀನು ಮೊದಲ ಸಲ "ಪುಟ್ಟಯ್ಯಾ" ಎಂದು ಕೂಗಿದಾಗ ನನ್ನ ಹೋಳಿಗೆಗೆ ತುಪ್ಪ ಬೀಳುತ್ತಿತ್ತು. ನಾನು ತಲೆ ಎತ್ತಲಿಲ್ಲ. ನಮ್ಮ ನೆಂಟರಲ್ಲಿ ಪುಟ್ಟಯ್ಯಂದಿರಿಗೆ ಕೊರತೆಯಿಲ್ಲ, ಪಕ್ಕದ ಎಲೆಯವನೂ ಪುಟ್ಟಯ್ಯನೇ, ಅವನು ತಲೆ ಎತ್ತಿದ. ಎರಡನೇ ಸಲ "ಪಿಟೀಲು ಪುಟ್ಟಯ್ಯಾ" ಎಂದೆ. ತುತ್ತು ಬಾಯಿಯ ಹತ್ತಿರವೇ ನಿಂತಿತು. ಬ್ಯಾಂಡು ನನಗಾಗಿ ಕಾಯುತ್ತಾ ಎರಡು ಸಾಲುಗಳನ್ನೇ ತಿರುಗಾಮುರುಗಾ ಬಾರಿಸುತ್ತಿರುವುದು ಕೇಳಿಸಿತು. ಮತ್ತೆ ಕೂಗಿದೆ. ನಿನ್ನ ಜೊತೆ ಜಯಪ್ಪ ಕೂಗಿದ, ಗಗನಾ ಕೂಗಿದಳು, ಆಮೇಲೆ ಛತ್ರಕ್ಕೆ ಛತ್ರವೇ ನನ್ನ ಹೆಸರು ಕೂಗತೊಡಗಿತು. ನಾನು ಎದ್ದೆ. ಓಂಕಾರಪ್ಪ ಪಾಯಸದ ಬಕೆಟ್ ಅಡ್ಡ ಹಿಡಿದು, "ಪಂಕ್ತಿ ಬಿಟ್ಟು ನಡುವೆ ಏಳ್ಬಾರ್ದು ಯಜಮಾನ್ರೆ, ಕೂತ್ಕೊಳ್ಳಿ" ಎಂದ. ಅಷ್ಟರಲ್ಲಿ ಬಾಗಿಲಲ್ಲಿ ಪ್ರೇಮಮ್ಮ. ಹೊಸ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಓಡಿ ಬಂದಿದ್ದಳು. "ಏಳ್ರೀ, ಕೇಳಿಸ್ತಿಲ್ವಾ? ಊರಿಗೂರೇ ನಿಮ್ಮನ್ನ ಕರೀತಿದೆ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

ಕೈ ತೊಳೆಯಲು ನಲ್ಲಿ ಸಿಗಲಿಲ್ಲ. ಪಂಚೆಗೆ ಒರೆಸಿಕೊಂಡು ಕಮಾನು ಹಿಡಿದೆ. ಈಗಲೂ ಅದು ತುಪ್ಪದ ವಾಸನೆ ಹೊಡೆಯುತ್ತಿದೆ. ಮೊನ್ನೆಯ ಹಾಗೆ ನಾನು ಯಾವತ್ತೂ ಬಾರಿಸಿಲ್ಲ ಬಾಷಾ. ಹುಡುಗರು ಕುಣಿಯುತ್ತಿದ್ದರು, ಪ್ರೇಮಮ್ಮ ಪಕ್ಕದವರಿಗೆ ಏನೋ ಹೇಳುತ್ತಿದ್ದಳು, ಏನೆಂದು ನನಗೆ ಗೊತ್ತು.

ನನ್ನನ್ನು ಮೊದಲು ಯಾಕೆ ಕೂಗಿದೆ ಎಂಬುದು ಬಾರಿಸುತ್ತಿರುವಾಗ ಹೊಳೆಯಿತು. ನಮ್ಮ ಕಡೆ ಹೋಳಿಗೆ ಮೊದಲ ಸುತ್ತಿನಲ್ಲಿ ಬರುತ್ತದೆ. ನಾನು ನಿಮ್ಮ ಪಂಕ್ತಿಯ ಲೆಕ್ಕ ಹಿಡಿದು ಕೂತಿದ್ದೆ, ನೀನು ನಮ್ಮದನ್ನು ಹಿಡಿದು ಕೂಗಿದೆ. ಆಮೇಲೆ ಇನ್ನೊಂದು ಹೊಳೆಯಿತು. ಆ ಟೋಪಿಯವನ ಪ್ಲೇಟುಗಳಲ್ಲಿ ಎಲ್ಲರ ಹೆಸರೂ ಕೇಳುತ್ತದೆ, ಅವನದು ಕೇಳುವುದಿಲ್ಲ. ನಾಯಕನನ್ನು ಯಾರು ಕರೆಯುತ್ತಾರೆ? ಅದಕ್ಕೇ ಮೈಕು ಕಿತ್ತುಕೊಂಡು "ಪೀರ್ ಬಾಷಾ" ಎಂದು ಕೂಗಿಬಿಟ್ಟೆ. ಇಲಿಯಾಸ್ ಸ್ಟೀಲ್ ಗಿಟಾರ್ ಬಿಟ್ಟು ಎದ್ದುಬಿಟ್ಟ. ನಿನ್ನ ಮುಖ ನೋಡಿ, ಅಷ್ಟು ಜನರ ಎದುರು ನಿನ್ನ ಕೈಯನ್ನು ಬಯಲಿಗೆ ತಂದೆನೇನೋ ಎಂದು ನನ್ನ ಎದೆ ಧಸಕ್ಕೆಂದಿತು. ಸಿಟ್ಟಿದ್ದರೆ ಬರೆ. ಇಲ್ಲದಿದ್ದರೂ ಬರೆ.

ನಿನ್ನ ಪುಟ್ಟಯ್ಯ


ಗೋಪಾಳ
8 ಡಿಸೆಂಬರ್ 2025

ಪುಟ್ಟಯ್ಯ,

ಸಿಟ್ಟು ಬಂದಿತ್ತು. ಕುರ್ಚಿಯವರೆಗೆ ನಡೆದು ಹೋಗುವಾಗ ನಿನ್ನನ್ನು ನಾನು ಮನಸ್ಸಿನಲ್ಲಿ ಬೈದ ಬೈಗುಳಗಳನ್ನು ಇಲ್ಲಿ ಬರೆದರೆ ಜಹಾನಾರಾ ಓದುತ್ತಾಳೆ. ಕೂರದೆ ವಿಧಿಯಿರಲಿಲ್ಲ. ಹೆಸರು ಕೂಗಿದ ಮೇಲೆ ಏಳಲೇಬೇಕು ಎಂಬ ಕಟ್ಟಳೆ ಮಾಡಿದವನು ನಾನೇ.

ಉಕ್ಕಿನ ತುಂಡನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ತಂತಿಯ ಮೇಲಿಟ್ಟೆ. ಒಂದೇ ಸ್ವರ, ಅಷ್ಟೇ ನನ್ನಿಂದಾದದ್ದು. ನಿನಗೆ ಗೊತ್ತಲ್ಲ, ಸ್ಟೀಲ್ ಗಿಟಾರಿನ ಸ್ವರ ಅಲೆಅಲೆಯಾಗಿ ಬರಬೇಕಾದರೆ ಎಡಗೈಯನ್ನು ಬೇಕೆಂದೇ ನಡುಗಿಸಬೇಕು. ಎಷ್ಟು ವರ್ಷ ಒದ್ದಾಡಿ ಅದನ್ನು ಕಲಿತಿದ್ದೆ. ಈಗ ಏನೂ ಮಾಡದೆ ಸುಮ್ಮನೆ ಕೂತರೂ ಬರುತ್ತದೆ. ಆ ಸ್ವರ ಅಳುತ್ತಾ ನಗುತ್ತಾ ಮೇಲೆ ಹೋಯಿತು. ಆಮೇಲೆ ಮದುಮಗ ಬಂದು, "ಆ ತರ ನಡುಕ ಹೇಗೆ ತರ್ತೀರಿ ಅಜ್ಜ?" ಎಂದ. "ಬಹಳ ವರ್ಷ ಸಾಧನೆ ಮಾಡ್ಬೇಕಪ್ಪ" ಎಂದೆ. ಇದನ್ನು ಯಾರಿಗೂ ಹೇಳಬೇಡ. ಮನೆಗೆ ಬಂದು ಒಬ್ಬನೇ ಕೂತು ಅತ್ತೆ, ಅದನ್ನೂ ಹೇಳಬೇಡ.

ನಿನ್ನ ಆಣೆಯ ವಿಷಯ. ಕೂಗುವುದು ಮಾತಲ್ಲ ಎಂದು ನೀನು ವಾದ ಮಾಡಬಹುದು. ಆದರೆ ವೇದಿಕೆಯಿಂದ ಇಳಿಯುವಾಗ ನನ್ನ ತೋಳು ಹಿಡಿದು, "ಹುಷಾರು, ಮೆಟ್ಲು ಇದೆ" ಎಂದೆ. ಅದು ಮಾತು. ಜಯಪ್ಪ ಸಾಕ್ಷಿ. ಇನ್ನು ನಾವು ಫೋನಿನಲ್ಲೂ ಮಾತಾಡಬಹುದು, ಆ ಹೆಂಗಸರು ಕೆಳಗಿಟ್ಟರೆ.

ಬರುವ ಭಾನುವಾರ ಪ್ರೇಮಮ್ಮನನ್ನು ಕರೆದುಕೊಂಡು ಮಧ್ಯಾಹ್ನದ ಊಟಕ್ಕೆ ಬಾ. ಮಾತ್ರೆಯನ್ನು ಮರೆಯದೆ ನುಂಗಿಯೇ ಬಾ. ನಮ್ಮ ಮನೆಯಲ್ಲಿ ಹಾಗೆ ಮಾಡುವ ಪದ್ಧತಿಯಿಲ್ಲ, ಜಹಾನಾರಾ ಮೊದಲು ಒಪ್ಪಲೂ ಇಲ್ಲ. ಆದರೂ ಈ ಸಲ ಮೀಠಾವನ್ನು ಮೊದಲು ಬಡಿಸಲು ಹೇಳಿದ್ದೇನೆ.

ನಿನ್ನ ಬಾಷಾ